ಕಾಲು ಕಾಣುವ ಹಾಗೆ

ಮೊದಲು ನನಗೆ ಪರಿಚಯವಾದದ್ದು ಅವರ ಕೈಗಳು. ಮುಖ ನೋಡಿದ್ದು ಒಂದೂವರೆ ವರ್ಷ ಬಿಟ್ಟು.

ದೋಹಾದ ಒಂದು ಕಟ್ಟಡ ಕಂಪೆನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಗುಮಾಸ್ತನದು. ಸೈಟಿನಿಂದ ಬರುವ ಕಾಗದಗಳನ್ನು ಒಪ್ಪ ಮಾಡಿ, ನಂಬರು ಹಾಕಿ, ಫೈಲಿಗೆ ಸೇರಿಸುವುದು. ಅವರು ಸೈಟಿನಲ್ಲಿ ರಿಗ್ಗಿಂಗ್ ಫೋರ್‌ಮನ್. ಕ್ರೇನಿಗೆ ಕಟ್ಟುವ ಹಗ್ಗ, ಬೆಲ್ಟು, ಸರಪಳಿಗಳನ್ನು ಮೂರು ತಿಂಗಳಿಗೊಮ್ಮೆ ಒಂದೊಂದಾಗಿ ಬೆರಳಾಡಿಸಿ ನೋಡಬೇಕು. ಚೆನ್ನಾಗಿದ್ದದ್ದಕ್ಕೆ ಬಣ್ಣದ ಟೇಪು, ಕೆಟ್ಟದ್ದಕ್ಕೆ ಕತ್ತರಿ. ಕತ್ತರಿಸಿ ಎರಡು ತುಂಡು ಮಾಡದೆ ಎಸೆದರೆ ಇನ್ಯಾರೋ ಎತ್ತಿಕೊಂಡು ಹೋಗಿ ಮತ್ತೆ ಭಾರ ಎತ್ತುತ್ತಾರೆ ಎನ್ನುತ್ತಿದ್ದರು. ಹಾಗೆ ಕತ್ತರಿಸಿದ ಒಂದೊಂದಕ್ಕೂ ಒಂದು ಫೋಟೋ ಬೇಕು. ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಹಗ್ಗವನ್ನು ಎದೆಯ ಮಟ್ಟಕ್ಕೆ ಹಿಡಿದು, ಕೆಟ್ಟ ಜಾಗ ಕಾಣುವ ಹಾಗೆ. ಅವು ರಿಪೋರ್ಟಿನ ಜೊತೆ ನನ್ನ ಮೇಜಿಗೆ ಬರುತ್ತಿದ್ದವು.

ನನಗೊಂದು ಚಾಳಿ. ಫೋಟೋದಲ್ಲಿ ಬೇಡದ್ದು ಇದ್ದರೆ ಕೈ ತುರಿಸುತ್ತದೆ. ಹಿಂದೆ ಬಿದ್ದ ಚಹಾ ಲೋಟ, ಯಾರದೋ ಚಪ್ಪಲಿ, ಗೋಡೆಯ ಮೇಲಿನ ಎಲೆಯಡಿಕೆ ಕಲೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸಿ, ಹೆಲ್ಮೆಟ್ಟಿನ ನೆರಳಲ್ಲಿ ಮುಖ ಕಾಣದ ತಲೆಯನ್ನೂ ಕತ್ತರಿಸಿ, ಕೈ ಮತ್ತು ಹಗ್ಗ ಮಾತ್ರ ಉಳಿಸುತ್ತಿದ್ದೆ. ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ಸತ್ತಿತ್ತು. ಅದನ್ನು ಬಿಟ್ಟರೆ ಆ ಮನುಷ್ಯನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಒಂದು ದಿನ ಬೂಟಿನ ತುಂಬ ಧೂಳಿನೊಂದಿಗೆ ಒಬ್ಬರು ಆಫೀಸಿಗೆ ಬಂದು ರಿಪೋರ್ಟನ್ನು ನನ್ನ ಮುಂದೆ ಇಟ್ಟರು.

"ನೀವು ಕನ್ನಡದವರಂತಲ್ರಿ. ಇದರಾಗ ನನ್ನ ತಲಿ ಎಲ್ಲೈತ್ರಿ?"

"ಹಗ್ಗ ಅಲ್ವಾ ಮುಖ್ಯ? ತಲೆ ಎಂತಕ್ಕೆ?" ಎಂದೆ. ನಾನು ಉಡುಪಿ ಕಡೆಯ ಕ್ರಿಶ್ಚಿಯನ್, ಮಾತು ಸ್ವಲ್ಪ ಚುರುಕು. ಜಗಳಕ್ಕೆ ಬರುತ್ತಾರೇನೋ ಎಂದುಕೊಂಡೆ.

ಅವರು ಯೋಚಿಸಿದರು. "ಹೌದ್ ಬಿಡ್ರಿ. ತಲಿ ಚೆಕ್ ಮಾಡಾಕ ಊರಾಗ ನಮ್ಮ ಮನಿಯಾಕಿ ಅದಾಳ," ಎಂದು ನಕ್ಕರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಬಾಗಲಕೋಟೆ ಕಡೆಯವರು. ಹದಿನೆಂಟು ವರ್ಷ ಕತಾರಿನಲ್ಲಿದ್ದರೂ ಮಾತಿನಲ್ಲಿ ಊರಿನ ಒಂದು ಅಕ್ಷರವೂ ಸವೆದಿರಲಿಲ್ಲ. ಅಲ್ ಅಜೀಜಿಯಾದ ಒಂದು ವಿಲ್ಲಾದಲ್ಲಿ ಕಂಪೆನಿಯ ಇತರ ಫೋರ್‌ಮನ್‌ಗಳ ಜೊತೆ ಇದ್ದರು. ಎಲ್ಲರೂ ವಾರದ ರಜೆಯಾದ ಶುಕ್ರವಾರ ಮಧ್ಯಾಹ್ನದವರೆಗೆ ನಿದ್ದೆ ಹೊಡೆದರೆ ಇವರು ಬೆಳಕು ಹರಿಯುವ ಮೊದಲೇ ಎದ್ದು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್. ಕಾರು ಇದ್ದದ್ದು ನನ್ನ ಹತ್ತಿರ. ಶಮಾಲ್ ರಸ್ತೆ ಹಿಡಿದು ಉತ್ತರದ ಕೊನೆಗೆ ಹೋದರೆ ಅಲ್ಲೊಂದು ಪಾಳುಬಿದ್ದ ಮೀನುಗಾರರ ಹಳ್ಳಿ. ಅದರ ಸುತ್ತಲಿನ ಕುರುಚಲಿನಲ್ಲಿ ಯಾರಿಗೂ ಸೇರದ ಒಂದು ಕತ್ತೆ ಹಿಂಡು.

ಹೌದು, ಕತ್ತೆಗಳು. ಅವುಗಳ ಫೋಟೋ ತೆಗೆಯಲಿಕ್ಕೆ ಹೋಗುತ್ತಿದ್ದದ್ದು.

"ಕತ್ತೆ ಫೋಟೋ ತೆಗೀಲಿಕ್ಕೆ ಕತಾರಿಗೆ ಬರಬೇಕಿತ್ತಾ ಮಾರಾಯ್ರೆ? ಒಂಟೆ ತೆಗೀರಿ, ಕುದುರೆ ತೆಗೀರಿ," ಎಂದು ನಾನು ಮೊದಲ ಸಲ ಕೇಳಿದೆ.

"ಅವನ್ನ ಎಲ್ಲಾರೂ ತೆಗೀತಾರ್ರಿ. ಸೂಕ್ ವಾಕಿಫ್ ಪ್ಯಾಟ್ಯಾಗ ಕುದುರಿ ಲಾಯ ನೋಡೀರಿಲ್ಲ? ಏಸಿ ಐತಿ ಒಳಗ. ಅವು ಶ್ರೀಮಂತರ ಮನಿ ಮಕ್ಕಳು. ಇವಕ್ಕ ಯಾರ ಅದಾರ?"

ಒಂದು ಕಾಲದಲ್ಲಿ ಇಲ್ಲಿಯ ಜನರ ನೀರು, ಮೀನು, ಸೌದೆ ಹೊತ್ತವು ಇವೇ ಅಂತೆ. "ಪಿಕಪ್ ಬಂತು, ಕತ್ತಿ ಬಿಟ್ರು. ನಮ್ಮೂರಾಗೂ ಹಿಂಗ. ಟ್ರ್ಯಾಕ್ಟರ್ ಬಂತು, ನಮ್ಮಪ್ಪ ಹನ್ನೊಂದು ಕತ್ತಿ ಬಿಟ್ಟ," ಎನ್ನುತ್ತಿದ್ದರು. ಅವರಪ್ಪ ಹೊಳೆಯಿಂದ ಕತ್ತೆಯ ಮೇಲೆ ಉಸುಕು ಹೇರುತ್ತಿದ್ದವರು. ಬೆಳಿಗ್ಗೆ ಕೆಲಸ ಮುಗಿದ ಮೇಲೆ ಕತ್ತೆಗಳು ದೂರ ಹೋಗದಂತೆ ಎರಡೂ ಮುಂಗಾಲಿಗೆ ಸಡಿಲವಾಗಿ ಹಗ್ಗ ಕಟ್ಟಿ ಮೇಯಲು ಬಿಡುತ್ತಿದ್ದರು. ಸಂಜೆ ಅದನ್ನು ಬಿಚ್ಚುವ ಕೆಲಸ ಇವರದು. ಒಂದು ಸಂಜೆ ಮರೆತು ಊಟಕ್ಕೆ ಕೂತರಂತೆ. ಅಪ್ಪ ತಟ್ಟೆ ಎಳೆದುಕೊಂಡು, "ಅದರ ಕಾಲು ಬಿಚ್ಚಿ ಬಾ, ಆಮ್ಯಾಲ ಉಣ್ಣು," ಎಂದು ಕಳಿಸಿದರಂತೆ. ಈ ಕಥೆಯನ್ನು ನಾನು ಹತ್ತು ಸಲವಾದರೂ ಕೇಳಿದ್ದೇನೆ. ಹತ್ತೂ ಸಲ ಅವರು ಬೇಜಾರಿಲ್ಲದೆ ಹೇಳಿದರು, ನಾನು ಬೇಜಾರುಪಟ್ಟು ಕೇಳಿದೆ.

ಅವರು ಫೋಟೋ ತೆಗೆಯುವ ಕ್ರಮ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂರುವುದು. ಕ್ಯಾಮೆರಾ ನೆಲದ ಮೇಲೆ. ಒಂದು ಗಂಟೆ ಸುಮ್ಮನೆ. ನಾನು ಕಾರಿನಲ್ಲಿ ಏಸಿ ಹಾಕಿಕೊಂಡು, "ಯಲ್ಲಾ, ಬೇಗ ತೆಗೀರಿ, ಬಿಸಿಲು ಏರ್ತಾ ಉಂಟು," ಎಂದು ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದರು. ಆಮೇಲೆ ಹೇಳುತ್ತಿದ್ದರು: "ಮೊದಲ ಅವು ನನ್ನ ನೋಡ್ಲಿ. ಆಮ್ಯಾಲ ನಾ ನೋಡ್ತೀನಿ." ಕೊನೆಗೆ ತುಟಿ ಕಂಪಿಸಿ ಗಂಟಲಿನಿಂದ ಒಂದು ಸದ್ದು ತೆಗೆಯುತ್ತಿದ್ದರು, ಅವರಪ್ಪ ಹೊಳೆ ದಂಡೆಯಲ್ಲಿ ತೆಗೆಯುತ್ತಿದ್ದ ಸದ್ದು. ಅಷ್ಟು ದೂರದಲ್ಲಿದ್ದ ಹಿಂಡು ಕಿವಿ ನಿಮಿರಿಸಿ ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿತ್ತು. ನಾನು ಕಾರಿನಿಂದ ಇಳಿದರೆ ಸಾಕು, ಓಟ. ಅವರೊಬ್ಬರನ್ನು ಬಿಟ್ಟು ಇನ್ನೊಬ್ಬ ಮನುಷ್ಯನನ್ನು ಅವು ಹತ್ತಿರ ಸೇರಿಸಿದ್ದನ್ನು ನಾನು ನೋಡಲಿಲ್ಲ.

ಕನ್ನಡಿಗರ ಕೂಟಗಳಲ್ಲಿ ಅವರನ್ನು ಕಿಚಾಯಿಸದವರಿಲ್ಲ. "ಏನ್ರೀ, ಕತ್ತೆಗಳೆಲ್ಲ ಆರಾಮಾ?" ಎಂದರೆ, "ಆರಾಮ್ ಅದಾವ್ರಿ. ನಿಮ್ಮನ್ನ ಕೇಳಿದ್ವು," ಎಂದು ಅಷ್ಟೇ ಗಂಭೀರವಾಗಿ ಹೇಳುತ್ತಿದ್ದರು. ಒಬ್ಬರು ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದಾಗ, "ನೀವು ಯಾವಾಗ ಮೂಸೀರ್ರಿ ಕಸ್ತೂರಿ?" ಎಂದು ಕೇಳಿಬಿಟ್ಟರು.

ಹಳೆಯ ಕ್ಯಾಮೆರಾ ಅದು. ಊರಿಗೆ ಹೊರಟ ಫಿಲಿಪ್ಪೀನಿನ ಇಂಜಿನಿಯರನಿಂದ ಕೊಂಡದ್ದು. ಹಿಂದಿನ ಪರದೆ ಒಡೆದು ಕಪ್ಪಾಗಿತ್ತು, ತೆಗೆದದ್ದು ಹೇಗೆ ಬಂದಿದೆ ಎಂದು ಅವರಿಗೆ ಕಾಣುತ್ತಲೇ ಇರಲಿಲ್ಲ. ಕಾರ್ಡನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಅಲ್ ಹಿಲಾಲ್‌ನ ನಮ್ಮ ಫ್ಲ್ಯಾಟಿನಲ್ಲಿ ಕೂತು ಒಳ್ಳೆಯದನ್ನು ಆರಿಸಿ, ಬೆಳಕು ಸರಿಮಾಡಿ, ಅವರ ಫೋನಿಗೆ ಕಳಿಸುತ್ತಿದ್ದೆ. ಅವರು ನೋಡುತ್ತಿದ್ದದ್ದು ನಾನು ಕಳಿಸಿದ್ದನ್ನು ಮಾತ್ರ. ಈ ಮಾತನ್ನು ನೆನಪಿನಲ್ಲಿಡಿ, ನಾನಂತೂ ಮರೆಯಲಾರೆ.

ಆ ವರ್ಷ ರಾಜ್ಯೋತ್ಸವಕ್ಕೆ ಇಲ್ಲಿನ ಒಂದು ಕನ್ನಡ ಕೂಟ ಫೋಟೋ ಸ್ಪರ್ಧೆ ಇಟ್ಟಿತು. ವಿಷಯ: ಸಹಜ ನೆಲೆಯಲ್ಲಿ ಕಾಡುಪ್ರಾಣಿ. ನಿಯಮ: ಚಿತ್ರದಲ್ಲಿ ಮನುಷ್ಯನ ಸುಳಿವು ಇರಕೂಡದು. ಬೇಲಿ, ತಂತಿ, ಪ್ಲಾಸ್ಟಿಕ್, ಗಾಡಿಯ ಗೆರೆ, ಏನೂ. ಮರುಭೂಮಿಯಲ್ಲಿ ಪ್ಲಾಸ್ಟಿಕ್ ಇಲ್ಲದ ಒಂದು ಗಜ ಜಾಗ ತೋರಿಸಿ ನೋಡೋಣ! ಅಕ್ಟೋಬರಿನಲ್ಲಿ ಅವರು ತೆಗೆದದ್ದರಲ್ಲಿ ಹನ್ನೊಂದು ಚಿತ್ರ ನಾನು ಆರಿಸಿದೆ. ಹನ್ನೊಂದರಲ್ಲೂ ಒಂದು ಹೆಣ್ಣುಕತ್ತೆ ಮತ್ತು ಅದರ ಮರಿ. ಕುಳಿತು ಒಂದೊಂದಾಗಿ ಅಳಿಸಿದೆ. ಪೊದೆಗೆ ಸಿಕ್ಕಿದ ಚೀಲ ಹೋಯಿತು. ನೀರಿನ ಬಾಟಲಿ ಹೋಯಿತು. ತಾಯಿಕತ್ತೆಯ ಎಡ ಮುಂಗಾಲಿನ ಗೊರಸಿನ ಮೇಲೆ ನೀಲಿ ನೈಲಾನ್ ದಾರದಂಥದ್ದು ಏನೋ ಸುತ್ತಿಕೊಂಡಿತ್ತು, ಚಿತ್ರ ದೊಡ್ಡದು ಮಾಡಿದರೆ ಮಾತ್ರ ಕಾಣುವಷ್ಟು. ಕಸ ಎಂದುಕೊಂಡೆ. ಹನ್ನೊಂದು ಸಲ ಕಂಡಿತು, ಹನ್ನೊಂದು ಸಲ ಅಳಿಸಿದೆ. ಚರ್ಮದ ಬಣ್ಣ ಪಕ್ಕದಿಂದ ತೆಗೆದು ತುಂಬಿದೆ. ಎಷ್ಟು ನಾಜೂಕಾಗಿ ಮಾಡಿದೆನೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲ ಬಹುಮಾನ ಬಂತು. ವೇದಿಕೆ ಮೇಲೆ ಅವರನ್ನು ಕರೆದಾಗ ಜನ ನಕ್ಕರು, ಆದರೆ ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಚಿತ್ರಕ್ಕೆ ಬೇಡಿಕೆ ಶುರುವಾಯಿತು. ಬೆಳಿಗ್ಗೆ ಎದ್ದು ಕತ್ತೆಯ ಪಟ ನೋಡಿದರೆ ಅದೃಷ್ಟ ಎಂದು ನಮ್ಮ ಕಡೆ ಅಂಗಡಿಗಳಲ್ಲಿ ತೂಗುಹಾಕುತ್ತಾರಲ್ಲ, ಹಾಗೆ. ನನ್ನ ಹೆಂಡತಿಯೂ ಒಂದನ್ನು ಫ್ರೇಮು ಹಾಕಿಸಿ ಬಾಗಿಲಿಗೆ ಎದುರಾಗಿ ಗೋಡೆಗೆ ತೂಗುಹಾಕಿದಳು. ಏಸುವಿನ ಪಟದ ಪಕ್ಕದಲ್ಲಿ ಕತ್ತೆಯಾ ಎಂದದ್ದಕ್ಕೆ, "ಏಸು ಕೂತದ್ದೇ ಅದರ ಮೇಲೆ, ನಿಮಗೆಂತ ತೊಂದರೆ?" ಎಂದಳು.

ಜನವರಿಯಲ್ಲಿ ಒಂದು ಶುಕ್ರವಾರ ಅವರು ಹಿಂಡಿನ ಕಡೆಯಿಂದ ಬಕೆಟ್ ಎತ್ತಿಕೊಂಡು ಬಂದು ಕಾರಿನಲ್ಲಿ ಕೂತರು.

"ಮರಿ ತಾಯಿ ಕುಂಟಾಕತ್ತೈತ್ರಿ."

"ಕಲ್ಲು ಚುಚ್ಚಿರಬಹುದು."

"ಇರಬಹುದು." ಫೋನು ತೆಗೆದು ಬಹುಮಾನದ ಚಿತ್ರವನ್ನು ದೊಡ್ಡದು ಮಾಡಿ ಕಾಲುಗಳನ್ನು ನೋಡಿದರು. ಹಗ್ಗ ನೋಡಿ ನೋಡಿ ಪಳಗಿದ ಕಣ್ಣು ಅದು. ಎಳೆ ಸಡಿಲವಾದರೂ ಹಿಡಿಯುವ ಕಣ್ಣು. "ಫೋಟೋದಾಗ ಕಾಲು ಸ್ವಚ್ಛ ಅದಾವ. ಗಾಯ ಇಲ್ಲ, ಏನೂ ಇಲ್ಲ. ಕಲ್ಲೇ ಇರಬೇಕು. ಬ್ಯಾಸಿಗಿ ಬರೂದ್ರಾಗ ಆರಾಮಾಗತೈತಿ."

ನನಗೆ ಆಗ ಏನೂ ಹೊಳೆಯಲಿಲ್ಲ. ದೇವರಾಣೆಗೂ ಹೊಳೆಯಲಿಲ್ಲ. ಅಳಿಸಿದ್ದು ಮೂರು ತಿಂಗಳ ಹಿಂದೆ, ಅಳಿಸಿದವನಿಗೆ ಮರೆತೂ ಹೋಗಿತ್ತು.

ಫೆಬ್ರವರಿಯಲ್ಲಿ ಅವರ ಪ್ರಾಜೆಕ್ಟ್ ಮುಗಿಯಿತು. ಕಂಪೆನಿ ನೋಟಿಸು ಕೊಟ್ಟಿತು, ಖಲಾಸ್. ಟಿಕೆಟ್ ಮಾರ್ಚಿನ ಒಂದು ಶನಿವಾರಕ್ಕೆ. ಒಂದು ಸಂಜೆ ಹಳೆಯ ಫೋಟೋಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿಸಿಕೊಳ್ಳಲು ನಮ್ಮ ಮನೆಗೆ ಬಂದರು. ನನ್ನ ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಅವರು ತಮ್ಮ ಚಿತ್ರಗಳನ್ನು ತೆಗೆದ ಹಾಗೆಯೇ ನೋಡಿದ್ದು ಅದೇ ಮೊದಲು. ಹೆಂಡತಿ ಚಹಾ ಇಟ್ಟು ಹೋದಳು. ಅವರು ಒಂದೊಂದೇ ಒತ್ತುತ್ತ ಹೋದವರು ಒಂದು ಕಡೆ ನಿಂತುಬಿಟ್ಟರು. ತಿರುಗಿ ಗೋಡೆಯ ಮೇಲಿನ ಫ್ರೇಮು ನೋಡಿದರು. ಮತ್ತೆ ಪರದೆ ನೋಡಿದರು.

"ಇಲ್ಲಿ ಹಗ್ಗ ಐತಿ. ಅಲ್ಲಿ ಇಲ್ಲ. ಎಲ್ಲಿ ಹೋತ್ರಿ?"

"ನಾನು ತೆಗೆದೆ. ಸ್ಪರ್ಧೆಯ ನಿಯಮ ಉಂಟಲ್ಲ..."

"ಫೋಟೋದಾಗಿಂದ ತೆಗದ್ರಿ," ಎಂದರು. ದನಿ ಏರಲಿಲ್ಲ. "ಕಾಲಿನಾಗಿಂದ?"

ಅವರು ಆ ಸತ್ತ ಉಗುರಿನ ಹೆಬ್ಬೆರಳನ್ನು ಪರದೆಯ ಮೇಲೆ ಇಟ್ಟು ತೋರಿಸಿದರು. ಅದು ಕಸವಲ್ಲ, ಕಟ್ಟಿದ ಹಗ್ಗ. ಗಂಟು ಕಾಣುತ್ತಿತ್ತು. ತಾಯಿ ಇನ್ನೂ ಎಳೆಯದಿದ್ದಾಗ ಯಾರೋ ಮುಂಗಾಲುಗಳಿಗೆ ಕಟ್ಟಿ ಮೇಯಲು ಬಿಟ್ಟಿದ್ದಾರೆ, ಒಂದು ಕಾಲಿನಿಂದ ಹರಿದು ಇನ್ನೊಂದರಲ್ಲಿ ಉಳಿದುಬಿಟ್ಟಿದೆ. "ಕಾಲು ಬೆಳೀತು. ಹಗ್ಗ ಬೆಳೀಲಿಲ್ಲ," ಎಂದರು. ಅಕ್ಟೋಬರಿನ ಚಿತ್ರದಲ್ಲಿ ಅದು ಚರ್ಮದ ಮೇಲೆ ಇತ್ತು. ನಾನು ಆರಿಸದೆ ಬಿಟ್ಟಿದ್ದ ಜನವರಿಯ ಒಂದು ಚಿತ್ರ ಹಾಕಿದರು. ಅಲ್ಲಿ ನೀಲಿ ಕಾಣಲೇ ಇಲ್ಲ. ಊದಿದ ಮಾಂಸದ ನಡುವೆ ಒಂದು ಕಪ್ಪು ಗೆರೆ ಮಾತ್ರ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಅವರಿಗೆ ಒಂದು ಮಾತು ಕೇಳ್ಬಹುದಿತ್ತಲ್ಲ ನೀವು, ಇದೆಂತ ಅಂತ," ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನಗೆ ಹೇಳಿದ ಮಾತುಗಳಲ್ಲಿ ಇಷ್ಟು ನೆಟ್ಟಗೆ ನಾಟಿದ್ದು ಇನ್ನೊಂದಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, "ಅದರ ಕಾಲು ಬಿಚ್ಚಬೇಕ್ರಿ," ಎಂದು ಎದ್ದರು.

ಬೇರೆ ದಿನಗಳಲ್ಲಿ ಅವರಿಗೆ ಸೈಟು ಖಾಲಿ ಮಾಡಿಸುವ ಕೆಲಸ. ಉಳಿದದ್ದು ಮೂರು ಶುಕ್ರವಾರ.

ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಗುಂಪು ಸಿಕ್ಕಿತು. ಅವರ ಜೊತೆ ಒಬ್ಬ ಮಲಯಾಳಿ ಪಶುವೈದ್ಯ. ದೂರದಿಂದ ಮತ್ತಿನ ಮದ್ದು ಹೊಡೆಯುವ ಬಂದೂಕು ಇತ್ತು, ಆದರೆ ಅದನ್ನು ತರಬೇಕಾದರೆ ಕತ್ತೆ ಎಲ್ಲಿದೆ ಎಂದು ಅದೇ ದಿನದ ಫೋಟೋ ಬೇಕು, ಗಾಯ ಕಾಣಬೇಕು. ಹೊಡೆಯಲು ಇಪ್ಪತ್ತು ಮೂವತ್ತು ಹೆಜ್ಜೆಯಷ್ಟು ಹತ್ತಿರವೂ ಬರಬೇಕು. ಹಿಂಡನ್ನು ಅಷ್ಟು ಹತ್ತಿರ ಕರೆಯಬಲ್ಲವರು ಒಬ್ಬರೇ. ಅವರಿಗೆ ಶನಿವಾರದ ಟಿಕೆಟ್.

ಮೊದಲ ಶುಕ್ರವಾರ ಹಿಂಡು ಇರಲಿಲ್ಲ. ಪಾಳು ಗೋಡೆಗಳ ಸುತ್ತ, ಸಮುದ್ರದ ಅಂಚಿನ ಜೌಗಿನವರೆಗೆ ನಡೆದೆವು. ನಾನು ಈ ಸಲ ಕಾರಿನಲ್ಲಿ ಕೂರಲಿಲ್ಲ. ಅವರು ಹತ್ತು ಹೆಜ್ಜೆಗೊಮ್ಮೆ ಆ ಸದ್ದು ತೆಗೆಯುತ್ತಿದ್ದರು. ಗಾಳಿಗೆ ಅದು ಎಲ್ಲಿ ಹೋಗುತ್ತಿತ್ತೋ. ಹನ್ನೊಂದು ಗಂಟೆಗೆ ಹೆಂಡತಿ ಕಟ್ಟಿಕೊಟ್ಟ ನೀರುದೋಸೆ ಡಬ್ಬಿ ತೆಗೆದೆ. ಅವರು ಕೈ ಅಡ್ಡ ಹಿಡಿದರು. "ನೀವು ತಿನ್ರಿ. ನನಗ ಬ್ಯಾಡ." ಅಪ್ಪ ತಟ್ಟೆ ಎಳೆದುಕೊಂಡ ಕಥೆ ಹನ್ನೊಂದನೇ ಸಲ ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನೂ ಡಬ್ಬಿ ಮುಚ್ಚಿದೆ.

ಎರಡನೇ ಶುಕ್ರವಾರ ಧೂಳು ಗಾಳಿ. ನೂರು ಗಜ ಆಚೆ ಏನೂ ಕಾಣದು. ಆದರೂ ಬಕೆಟ್ ಹಾಕಿ ಕೂತರು, ಮುಖಕ್ಕೆ ಬಟ್ಟೆ ಸುತ್ತಿ, ಐದು ಗಂಟೆ. ವಾಪಸು ಬರುವಾಗ ನಾನು ತಡೆಯಲಾರದೆ ಹೇಳಿದೆ, "ನನ್ನದು ತಪ್ಪಾಯ್ತು. ಎರಡು ಬೈದುಬಿಡಿ ಮಾರಾಯ್ರೆ."

ಅವರು ಕಿಟಕಿಯಾಚೆ ನೋಡುತ್ತ, "ಬೈದ್ರ ಹಗ್ಗ ಬಿಚ್ಚತೈತೇನ್ರಿ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನನ್ನದೂ ಐತಿ. ಕುಂಟೂದು ಕಣ್ಣಾರೆ ಕಂಡೆ. ಕಂಡದ್ದ ಬಿಟ್ಟು ಫೋಟೋ ನಂಬಿದೆ," ಎಂದರು. ಹಗ್ಗ ಸುಳ್ಳು ಹೇಳುವುದಿಲ್ಲ, ಹಿಡಿದವನು ಹೇಳುತ್ತಾನೆ ಎಂದು ಸೈಟಿನಲ್ಲಿ ಹುಡುಗರಿಗೆ ಕಲಿಸುತ್ತಿದ್ದ ಮನುಷ್ಯ ಇವರು.

ನಾನು ಆ ವಾರ ಎರಡು ದಿನ ರಜೆ ಹಾಕಿ ಒಬ್ಬನೇ ಹೋಗಿ ಹುಡುಕಿದೆ. ಅವರ ಸದ್ದನ್ನು ತೆಗೆಯಲು ನೋಡಿದೆ. ನನ್ನ ಗಂಟಲಿನಿಂದ ಬಂದದ್ದಕ್ಕೆ ಒಂದು ಬೆಕ್ಕೂ ತಿರುಗಿ ನೋಡುತ್ತಿರಲಿಲ್ಲ. ಬಿಸಿಲಲ್ಲಿ ಒಬ್ಬನೇ ನಿಂತು ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮೂರನೇ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಸಿಕ್ಕವು. ಹಳ್ಳಿಯಿಂದ ಐದಾರು ಕಿಲೋಮೀಟರ್ ಪಶ್ಚಿಮಕ್ಕೆ, ಒಂದು ತಗ್ಗಿನಲ್ಲಿ. ತಾಯಿ ಕೊನೆಯಲ್ಲಿ ಮೂರು ಕಾಲಿನ ಮೇಲೆ ನಿಂತಿತ್ತು. ಎಡ ಮುಂಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಮರಿ ಅದರ ಹೊಟ್ಟೆಗೆ ಅಂಟಿಕೊಂಡಿತ್ತು. ಅವರು ಫೋಟೋ ತೆಗೆದರು, ನಾನು ಕಾರ್ಡನ್ನು ಕಾರಿನಲ್ಲಿದ್ದ ಲ್ಯಾಪ್‌ಟಾಪಿಗೆ ಹಾಕಿ ಅಲ್ಲೇ ವೈದ್ಯರಿಗೆ ಕಳಿಸಿದೆ. ರಂಜಾನ್ ತಿಂಗಳು, ರಸ್ತೆ ಖಾಲಿ. ಒಂದೂವರೆ ಗಂಟೆಯಲ್ಲಿ ವೈದ್ಯರ ಗಾಡಿ ಬಂತು, ಹಿಂದೆ ಟ್ರೈಲರ್ ಕಟ್ಟಿಕೊಂಡು. ಅಷ್ಟು ಹೊತ್ತೂ ಅವರು ಹಿಂಡು ಚೆದುರದಂತೆ ಬಕೆಟ್ ಮೇಲೆ ಅಲುಗದೆ ಕೂತಿದ್ದರು.

ವೈದ್ಯರು ಪೊದೆಯ ಹಿಂದೆ ಬಂದೂಕು ಹಿಡಿದು ಕೂತರು. ಇವರು ತುಟಿ ಕಂಪಿಸಿದರು. ಎಲ್ಲವೂ ಕಿವಿ ಎತ್ತಿದವು, ಆದರೆ ಗಾಡಿಗೆ ಬೆದರಿ ಮಿಕ್ಕ ಯಾವುದೂ ಮುಂದೆ ಬರಲಿಲ್ಲ. ಬಂದದ್ದು ಆ ತಾಯಿಯೊಂದೇ. ಮೂರು ಕಾಲಿನಲ್ಲಿ ಕುಪ್ಪಳಿಸುತ್ತ, ನಿಂತು, ಮತ್ತೆ ಕುಪ್ಪಳಿಸುತ್ತ, ಅವರನ್ನು ನಂಬಿ ಬಂತು. ಮದ್ದು ತಾಗಿ ಐದು ನಿಮಿಷಕ್ಕೆ ಕುಸಿಯಿತು. ಇವರು ಓಡಿಹೋಗಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ವೈದ್ಯರು ಮಾಂಸ ಬಿಡಿಸಿ ಹಗ್ಗ ಕತ್ತರಿಸಿ ತೆಗೆದರು. ಒಂದು ಗೇಣು ಉದ್ದ. ಆಮೇಲೆ ಕಾಲನ್ನು ಒತ್ತಿ ನೋಡಿದರು, ಸೂಜಿ ಚುಚ್ಚಿ ನೋಡಿದರು. ಎಲುಬಿನವರೆಗೆ ಕೊಳೆತಿದೆ, ಹಗ್ಗದ ಕೆಳಗೆ ಎಲ್ಲ ಸತ್ತಿದೆ, ಉಳಿಸಲಾಗದು, ಏಳಿಸಿದರೆ ನರಳಿ ಸಾಯುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಯಾವಾಗಿನಿಂದ ಇದೆ ಇದು ಎಂದು ಕೇಳಿದರು. ಅಕ್ಟೋಬರ್ ಎಂದು ನಾನೇ ಹೇಳಿದೆ.

"ಅಕ್ಟೋಬರಿನಲ್ಲಿ ಕರೆದಿದ್ದರೆ ಹತ್ತು ನಿಮಿಷದ ಕೆಲಸ," ಎಂದರು ವೈದ್ಯರು. ಅವರಿಗೇನು ಗೊತ್ತು ಪಾಪ.

ಎರಡನೇ ಸೂಜಿ ಹಾಕುವಾಗ ಇವರು ಅದರ ಕಣ್ಣಿನ ಮೇಲೆ ಕೈ ಮುಚ್ಚಿ ಹಿಡಿದಿದ್ದರು. ತುಟಿಯಲ್ಲಿ ಅದೇ ಸದ್ದು, ಬಹಳ ಮೆಲ್ಲಗೆ. ಮರಿ ದೂರ ಹೋಗಲೇ ಇಲ್ಲ. ತಾಯಿಯ ಬೆನ್ನಿಗೆ ಮೂಗು ತಾಗಿಸಿ ನಿಂತದ್ದರಿಂದ ಅದನ್ನು ಹಿಡಿದು ಟ್ರೈಲರಿಗೆ ಹತ್ತಿಸುವುದು ಕಷ್ಟವಾಗಲಿಲ್ಲ.

ಎಲ್ಲ ಮುಗಿದ ಮೇಲೆ ಅವರು ಆ ಹಗ್ಗವನ್ನು ಬಾಟಲಿ ನೀರಿನಲ್ಲಿ ತೊಳೆದರು. ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಬಿಸಿಲಿಗೆ ಮುಖಮಾಡಿ ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಹಗ್ಗವನ್ನು ಎದೆಯ ಮಟ್ಟಕ್ಕೆ ಹಿಡಿದರು.

"ತೆಗೀರಿ. ರಿಪೋರ್ಟಿಗೆ ಬೇಕು."

"ಯಾರಿಗೆ ರಿಪೋರ್ಟು?"

"ಇಟ್ಕೋರಿ. ಯಾರರ ಕೇಳ್ತಾರ." ನಾನು ಕಣ್ಣಿಗೆ ಕ್ಯಾಮೆರಾ ಇಟ್ಟಾಗ ಮತ್ತೆ ಹೇಳಿದರು, "ಇದರ ಹಗ್ಗ ಮಾತ್ರ ಅಳಸಬ್ಯಾಡ್ರಿ."

ಆಮೇಲೆ ಕಾರಿನ ಬಾಗಿಲಲ್ಲಿ ಕೂತು, "ಡಬ್ಬಿ ತೆಗೀರಿ. ಕಾಲು ಬಿಚ್ಚೇತಲ್ಲ," ಎಂದರು. ಎರಡು ನೀರುದೋಸೆ ತಿಂದರು. ಅಷ್ಟು ವಯಸ್ಸಾದ ಗಂಡಸು ದೋಸೆ ಬಾಯಲ್ಲಿಟ್ಟುಕೊಂಡು ಅಳುವುದನ್ನು ನಾನು ನೋಡಬೇಕಾಯಿತು. ಮರುದಿನ ವಿಮಾನ ಹತ್ತಿದರು.

ಊರಿಗೆ ಹೋದ ಮೇಲೆ ತಿಂಗಳಿಗೊಂದು ಮೆಸೇಜು ಬರುತ್ತಿತ್ತು, "ಮರಿ ಹ್ಯಾಂಗೈತ್ರಿ?" ನಾನು ಆ ಗುಂಪಿನವರ ಕೊಟ್ಟಿಗೆಗೆ ಹೋಗಿ ಫೋಟೋ ತೆಗೆದು ಕಳಿಸುತ್ತಿದ್ದೆ. ಒಂದು ಸಲ ಮುಖ ಮಾತ್ರ ಚೆಂದ ಬಂದದ್ದನ್ನು ಕಳಿಸಿದೆ. ಕೂಡಲೇ ಉತ್ತರ ಬಂತು, "ಕಾಲು ಕಾಣೂ ಹಂಗ ಕಳಸ್ರಿ." ಅಂದಿನಿಂದ ನಾಲ್ಕೂ ಕಾಲು ಇಲ್ಲದ ಒಂದು ಚಿತ್ರವನ್ನೂ ಕಳಿಸಲಿಲ್ಲ. ನೋಡಿ, "ಚಲೋ ಅದಾವ," ಎನ್ನುತ್ತಿದ್ದರು. ನನ್ನ ತಪ್ಪಿನ ಮಾತು ಒಮ್ಮೆಯೂ ಎತ್ತಲಿಲ್ಲ.

ಕಳೆದ ವಾರ ಅವರ ಮಗಳ ಫೋನಿನಿಂದ ಸುದ್ದಿ ಬಂತು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ. ಶ್ರದ್ಧಾಂಜಲಿ ಬ್ಯಾನರಿಗೆ ಒಂದು ಒಳ್ಳೆಯ ಫೋಟೋ ಬೇಕು, ಅಪ್ಪ ಸಾವಿರ ಫೋಟೋ ತೆಗೆದಿದ್ದಾರೆ, ಅವರದೇ ಒಂದೂ ಇಲ್ಲ ಎಂದಳು. ನನ್ನ ಹತ್ತಿರ ಇದ್ದದ್ದೂ ಒಂದೇ. ಕಳಿಸಿದೆ. ಹತ್ತು ನಿಮಿಷಕ್ಕೆ ಅವಳ ವಾಯ್ಸ್ ಮೆಸೇಜು ಬಂತು.

"ಅಂಕಲ್, ಫೋಟೋ ಭಾಳ ಚಲೋ ಐತ್ರಿ. ಆದ್ರ ಕೈಯಾಗ ಹಗ್ಗ ಐತಲ್ರಿ. ಬ್ಯಾನರ್‌ದಾಗ ನೋಡಿದ ಮಂದಿ ಏನರ ತಿಳ್ಕೋತಾರ, ಅಪ್ಪಾ ಹಗ್ಗ ಹಾಕ್ಕೊಂಡ್ರೇನೋ ಅಂತ. ಫೋಟೋದಾಗಿಂದ ಬ್ಯಾಡಾದ್ದು ನೀವು ಭಾಳ ನಾಜೂಕ್ ತೆಗೀತೀರಿ ಅಂತ ಅಪ್ಪಾ ಯಾವಾಗ್ಲೂ ಹೇಳತಿದ್ರು. ಅದೊಂದು ಹಗ್ಗ ತೆಗದು ಕಳಸ್ರಿ."

ಮನೆಯವರಿಗೆ ಅವರು ನನ್ನ ಬಗ್ಗೆ ಹೇಳಿದ್ದು ಅಷ್ಟೇ.

ಕಂಪ್ಯೂಟರಿನಲ್ಲಿ ಫೋಟೋ ತೆರೆದೆ. ಒಂದು ನಿಮಿಷದ ಕೆಲಸ. ನೀಲಿ ಹಗ್ಗದ ಮೇಲೆ ಆ ಸತ್ತ ಉಗುರಿನ ಹೆಬ್ಬೆರಳು. ನನ್ನ ಕೈ ಮುಂದೆ ಹೋಗಲಿಲ್ಲ. ಆ ಹುಡುಗಿಗೆ ಫೋನು ಮಾಡಿದೆ. ಹಿಂಡಿನ ಕಥೆ, ಮೂರು ಶುಕ್ರವಾರ, ಮುಚ್ಚಿದ ಡಬ್ಬಿ, ಮೂರು ಕಾಲಿನಲ್ಲಿ ಬಂದ ತಾಯಿ, ಎಲ್ಲ ಹೇಳಿದೆ.

"ಕತ್ತಿ ಕಾಲು ಬಿಚ್ಚಿ ಬಂದೆ ಅಂದಿದ್ರು ಅಪ್ಪಾ. ನಾವು ಚ್ಯಾಷ್ಟಿ ಅಂತ ತಿಳ್ಕೊಂಡಿದ್ವಿ," ಎಂದಳು. ಮೂಗು ಒರೆಸಿಕೊಂಡ ಸದ್ದಾಯಿತು. "ಹಗ್ಗ ಇರಲ್ರಿ ಅಂಕಲ್. ಹಂಗ ಹಾಕಸ್ತೀನಿ. ಕೇಳಿದವರಿಗೆ ನಾನ ಹೇಳ್ತೀನಿ."

ಬ್ಯಾನರಿನ ಚಿತ್ರ ಮರುದಿನ ಬಂತು. ಹಗ್ಗ ಇದೆ. ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದಾಳಂತೆ. ಆದರೆ ಅವಳು ಹೇಳುವುದರಲ್ಲಿ ಒಂದು ಮಾತು ಕಡಿಮೆ, ಏಕೆಂದರೆ ಆ ಒಂದು ಮಾತನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ರಿಪೋರ್ಟು ಅರ್ಧ ಇರಬಾರದು, ಅವರಿಗದು ಸೇರುತ್ತಿರಲಿಲ್ಲ. ಅದಕ್ಕೇ ಇಷ್ಟು ಬರೆದೆ. ಅಕ್ಟೋಬರಿನಲ್ಲಿ ಆ ಹಗ್ಗ ನನಗೆ ಹನ್ನೊಂದು ಸಲ ಕಂಡಿತ್ತು. ಅಳಿಸಿದವನು ನಾನು.